ಆರು ಹುಣಸೆ ಬೀಜ

ಎಚ್‌ಐವಿ ತಡೆ ಕಾರ್ಯಕ್ರಮಕ್ಕೆ ತಾಂತ್ರಿಕ ನೆರವು ನೀಡಲು ರಾಜಧಾನಿಯಿಂದ ತಂಡ ಬಂದಿತ್ತು. ಲೈಂಗಿಕ ಕಾರ್ಯಕರ್ತೆಯರ ಸಂಘದ ಶಾವಂತ್ರವ್ವ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಇಡೀ ಊರನ್ನೇ ಬರೆದು, ದಂಧೆ ನಡೆಯುವ ಜಾಗಗಳಲ್ಲಿ ಹುಣಸೆ ಬೀಜ ಇಟ್ಟಿದ್ದಳು. ಒಂದು ಬೀಜವೆಂದರೆ ಈ ವಾರ ಅಲ್ಲಿಗೆ ಹತ್ತು ಕಾಂಡೋಮ್ ಬೇಕೆಂದು ಅರ್ಥ.

ಲಾರಿ ಸ್ಟ್ಯಾಂಡಿಗೆ ನಾಲ್ಕು, ಸಂತೆ ಮಾಳಕ್ಕೆ ಮೂರು. ಪ್ರವಾಸಿ ಮಂದಿರದ ಆರು ಬೀಜಗಳ ಮುಂದೆ ತಂಡದ ಹಿರಿಯ ಅಧಿಕಾರಿಯ ಬೂಟು ನಿಂತಿತು.

"ಇದು ತಪ್ಪು. ತೆಗೀರಿ."

"ತಪ್ಪಿಲ್ರೀ ಸಾಹೇಬ್ರ. ಹದಿನೆಂಟು ವರ್ಷದಿಂದ ನಾನ ಹಂಚಾಕತ್ತೇನಿ."

"ಅಲ್ಲಮ್ಮಾ, ಅದು ಸರ್ಕಾರಿ ಜಾಗ. ನಾವೇ ಅಲ್ಲಿ ಇಳ್ಕೊಂಡಿದ್ದೀವಿ. ನಮ್ಮ ಮರ್ಯಾದೆ ಏನಾಗ್ಬೇಕು?"

"ನಕಾಶೆ ನಿಮ್ಮ ಮರ್ಯಾದಿ ಸಲುವಾಗಿ ಬರದಿಲ್ರೀ. ನಮ್ಮ ಜೀವದ ಸಲುವಾಗಿ ಬರದೇನಿ."

ಸುತ್ತ ಕೂತ ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡರು. ಅಧಿಕಾರಿ ತಾವೇ ಬಗ್ಗಿ ಐದು ಬೀಜ ಎತ್ತಿಕೊಂಡರು.

"ಬೇಕಾದ್ರೆ ಒಂದಿರಲಿ."

ಶಾವಂತ್ರವ್ವ ಎದ್ದುಹೋಗಿ ಅವರ ಮುಷ್ಟಿ ಬಿಡಿಸಿ, ಐದೂ ಬೀಜಗಳನ್ನು ಇದ್ದಲ್ಲೇ ಇಟ್ಟಳು.

"ಉಳಿದ ವಾರ ಒಂದ ಸಾಕ್ರೀ. ನಿಮ್ಮ ತಂಡ ಬಂದ ವಾರ ಆರು ಬೇಕಾಗ್ತಾವ."