ಊರಮ್ಮನ ಹೊಸ್ತಿಲು

ಹೊಳೆಯ ನೀರು ಏರಿ ಬಂದು ಎದುರುಮನೆ ಊರಮ್ಮನ ಕಟ್ಟೆಯ ಹಸಿರು ಟೈಲ್ಸ್ ಮುಟ್ಟಿದ್ದು ಕಂಡು ಸುಂಕಮ್ಮನ ಹೊಟ್ಟೆ ತಣ್ಣಗಾಯಿತು. ಅವಳ ಸ್ವಂತ ಮನೆಯೊಳಗೆ ಆಗಲೇ ಮೊಳಕಾಲುದ್ದ ನೀರು ನಿಂತಿತ್ತು. ಅದು ಬೇರೆ ಮಾತು. ಸೀರೆಯನ್ನು ಎತ್ತಿ ಕಟ್ಟಿಕೊಂಡು, ಬಾಗಿಲ ಚೌಕಟ್ಟು ಹಿಡಿದು, ಆ ನೀರಿನಲ್ಲೇ ನಿಂತು ಎದುರುಮನೆಯನ್ನು ನೋಡುತ್ತಿದ್ದಳು.

ಡ್ಯಾಮಿನಿಂದ ನೀರು ಬಿಟ್ಟಾಗ ಕಂಪ್ಲಿ ಕೋಟೆಯ ಹೊಳೆದಂಡೆ ಓಣಿಗೆ ನೀರು ನುಗ್ಗುವುದೇನೂ ಹೊಸದಲ್ಲ. ಆದರೆ ಇಷ್ಟು ವರ್ಷ ನುಗ್ಗಿದರೆ ಎಲ್ಲರ ಮನೆಗೂ ನುಗ್ಗುತ್ತಿತ್ತು. ಎಲ್ಲರ ಜೋಳವೂ ತೊಯ್ಯುತ್ತಿತ್ತು. ಗಂಜಿ ಕೇಂದ್ರದಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಂಡು, ಒಟ್ಟಿಗೆ ಸರ್ಕಾರವನ್ನು ಬೈದು, ಒಟ್ಟಿಗೇ ಮನೆಗೆ ಬಂದು ಕೆಸರು ಬಳಿದು ಹೊರಹಾಕುತ್ತಿದ್ದರು. ಅದರಲ್ಲೂ ಒಂದು ಸುಖವಿತ್ತು ಅನ್ನಿ. ಈ ಬೇಸಿಗೆಯಲ್ಲಿ ಊರಮ್ಮ ಹಳೇ ಮನೆ ಕೆಡವಿ, ಎದೆಮಟ್ಟಕ್ಕೆ ಬುನಾದಿ ಎತ್ತಿಸಿ, ಅದಕ್ಕೆ ಟೈಲ್ಸ್ ಬೇರೆ ಮೆತ್ತಿಸಿದಳಲ್ಲ, ಅಂದಿನಿಂದ ಸುಂಕಮ್ಮನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯಾಗಿ ಬಂದವರು ನೋಡಿ.

ಬೆಳಿಗ್ಗೆ ಊರಮ್ಮ ತಾನಾಗಿಯೇ ಬಂದು ಕರೆದಿದ್ದಳು. "ಅಕ್ಕಾ, ಓಣಿಯವ್ರೆಲ್ಲಾ ಸಾಮಾನು ತಂದು ನಮ್ಮನ್ಯಾಗ ಇಡಾಕತ್ತಾರ. ನೀವೂ ತರ್ರಿ. ನಮ್ಮನಿ ಎತ್ತರ ಐತಲ್ರಿ."

'ಎತ್ತರ ಐತಲ್ರಿ!' ಸುಂಕಮ್ಮನ ಮೈಯೆಲ್ಲ ಉರಿದು ಹೋಯಿತು. "ನಮ್ದೇನೈತಿ ಬಿಡವ್ವ, ಇದ್ದಿದ್ದು ಹರಕು ಮುರುಕು. ತೊಯ್ದ್ರ ತೊಯ್ಲಿ," ಎಂದವಳೇ, ಆಡುಗಳನ್ನು ಹೊಡೆದುಕೊಂಡು ದಿಬ್ಬದ ಕಡೆಗೆ ನಡೆದುಬಿಟ್ಟಳು. ಅವನ್ನು ಅಲ್ಲಿ ಕಟ್ಟಿ ತಿರುಗಿ ಬಂದು ನೋಡಿದರೆ ಮನೆಯಲ್ಲಿ ಹೊಲಿಗೆ ಮಷೀನು ಇರಲಿಲ್ಲ. ಹೊಳೆ ತುಂಬಿ ಗಂಡನ ಬಲೆ ಗೂಟಕ್ಕೆ ತೂಗುವ ತಿಂಗಳುಗಳಲ್ಲಿ ಮನೆಯ ಒಲೆ ಉರಿಯುತ್ತಿದ್ದದ್ದು ಆ ಮಷೀನಿನಿಂದ, ಅವಳು ಹೊಲಿಯುವ ಜಂಪರುಗಳಿಂದ.

"ಮಷೀನು ಎಲ್ಲೈತಿ?" ಎಂದು ಗಂಡನನ್ನು ಕೇಳಿದಳು.

"ಎತ್ತರದಾಗ ಇಟ್ಟು ಬಂದೀನಿ. ನೀ ಚಿಂತಿ ಮಾಡಬ್ಯಾಡ," ಎಂದ ಪಾಲಪ್ಪ, ಅವಳ ಮುಖ ನೋಡದೆ. ಗಂಜಿ ಕೇಂದ್ರಕ್ಕೆ ಸಾಗಿಸಿದ್ದಾನೆ ಅಂದುಕೊಂಡಳು ಅವಳು. ಆ ನಿಶ್ಚಿಂತೆಯಲ್ಲೇ ಬಾಗಿಲಲ್ಲಿ ನಿಂತು ಎದುರುಮನೆ ಮುಳುಗುವುದನ್ನು ಕಾಯತೊಡಗಿದ್ದಳು.

ಮೈಕಿನಲ್ಲಿ ಕೂಗುತ್ತ ದಿಬ್ಬದ ತನಕ ಬಂದ ಆಟೋ ಎಲ್ಲರನ್ನೂ ಹೊರಡಿಸಿತು. ಪಾಲಪ್ಪ ಹರಿಗೋಲನ್ನು ಓಣಿಯೊಳಕ್ಕೇ ತಂದ. ಸುಂಕಮ್ಮ ಹತ್ತಿದಳು, ಬಾಗಿಲಿಗೆ ಬೀಗ ಹಾಕಿ ಊರಮ್ಮನೂ ಹತ್ತಿದಳು. ನೀರು ಟೈಲ್ಸನ್ನೆಲ್ಲ ನುಂಗಿ ಹೊಸ್ತಿಲ ಹತ್ತಿರ ಹತ್ತಿರ ಬಂದಿತ್ತು. ಇನ್ನೊಂದು ಗೇಣು ಏರಿದರೆ ಊರಮ್ಮನ ಜಂಬ ಹೊಳೆಪಾಲು! ಸುಂಕಮ್ಮ ಅತ್ತಲೇ ಕಣ್ಣು ನೆಟ್ಟು, ಎರಡೂ ಕೈ ಜೋಡಿಸಿ, ತುಟಿ ಪಿಟಿಪಿಟಿ ಮಾಡಿದಳು. "ಗಂಗವ್ವಾ, ತಾಯಿ, ಒಂದ ಗೇಣು. ಬರೀ ಒಂದ ಗೇಣು..."

ಊರಮ್ಮ ಅವಳ ಮೊಣಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿ ಬಂದಿತ್ತು. "ಅಕ್ಕಾ, ನೀವು ನಮ್ಮನಿ ಸಲುವಾಗಿ ಇಷ್ಟು ಬೇಡ್ಕೊಳ್ಳಾಕತ್ತೀರಿ. ನಿಮ್ಮ ಮಷೀನಿಗೆ ಏನೂ ಆಗಂಗಿಲ್ಲ, ಧೈರ್ಯ ಇರ್ಲಿ. ಪಾಲಪ್ಪಣ್ಣ ತಂದುಕೊಟ್ಟ ಕೂಡ್ಲೆ ನಡುಮನ್ಯಾಗ ಇಡಿಸೀನಿ, ಮ್ಯಾಲೆ ಪ್ಲಾಸ್ಟಿಕ್ ಸೈತ ಮುಚ್ಚೀನಿ."

ಸುಂಕಮ್ಮ ಗಂಡನ ಕಡೆ ತಿರುಗಿದಳು. ಪಾಲಪ್ಪ ಹುಟ್ಟು ಹಾಕುವುದರಲ್ಲಿ ಭಾಳ ಮಗ್ನನಾಗಿದ್ದ. ಇವನ ಮನೆ ಹಾಳಾಗಲಿ ಅನ್ನೋಣವೆಂದರೆ ಅದು ತನ್ನದೂ ಮನೆ. ಬೇರೆ ದಾರಿಯಿಲ್ಲದೆ ಅವಳು ಕೈ ಮತ್ತೆ ಜೋಡಿಸಿದಳು. "ಸಾಕು ತಾಯಿ," ಎಂದಳು ಹಲ್ಲು ಕಚ್ಚಿಕೊಂಡು, "ಅಲ್ಲೇ ನಿಲ್ಲು." ಊರಮ್ಮನೂ ಕೈಮುಗಿದು "ಹೌದು ತಾಯಿ, ಅಲ್ಲೇ ನಿಲ್ಲು" ಎಂದಳು. ಆ ದನಿಗೆ ತನ್ನ ದನಿ ಸೇರಿದ್ದು ಸುಂಕಮ್ಮನಿಗೆ ಬೇವಿನ ಕಷಾಯ ಕುಡಿದಂತಾಯಿತು.

ಗಂಗವ್ವ ಎರಡನೆಯ ಬೇಡಿಕೆಯನ್ನೇ ಕೇಳಿಸಿಕೊಂಡಳು. ನೀರು ಹೊಸ್ತಿಲು ದಾಟಲಿಲ್ಲ. ಹೊಳೆ ಇಳಿದ ಮೇಲೆ ಓಣಿಯ ಹೆಂಗಸರೆಲ್ಲ ಊರಮ್ಮನ ಮನೆಮುಂದೆ ನೆರೆದು, "ನೀ ಇದ್ದಿದ್ದಕ್ಕ ನಮ್ಮ ಸಂಸಾರ ಉಳೀತವ್ವ" ಎಂದು ಅವಳ ಗಲ್ಲ ಮುಟ್ಟಿ ಲಟಿಕೆ ಮುರಿದರು. ಎಲ್ಲರೂ ತಿರುಗಿ ನೋಡುತ್ತಿದ್ದುದರಿಂದ ಸುಂಕಮ್ಮನೂ ಹೋಗಿ ಲಟಿಕೆ ಮುರಿಯಬೇಕಾಯಿತು. ಅವಳ ಒಂದು ಬೆರಳೂ ಲಟಕ್ಕೆನ್ನಲಿಲ್ಲ.

ಪಾಲಪ್ಪ ಮಷೀನನ್ನು ಹೊತ್ತು ತಂದು, ಕೆಸರು ಬಳಿದು ತೆಗೆದ ನೆಲದ ಮೇಲೆ ಇಳಿಸಿದ. ಸುಂಕಮ್ಮ ಚಕ್ರ ತಿರುವಿದಳು. ಅದು ಟಕಟಕ ಎಂದು ಸಲೀಸಾಗಿ ಓಡಿತು. ಪುಣ್ಯಾತ್ಗಿತ್ತಿ ಎಣ್ಣೆ ಬೇರೆ ಬಿಟ್ಟು ಕಳಿಸಿದ್ದಳು. ಅದನ್ನು ನೋಡುತ್ತಲೇ ಸುಂಕಮ್ಮ ಕುಕ್ಕರಿಸಿ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಪಾಲಪ್ಪ ಗಾಬರಿಯಾದ. "ಯಾಕಲೇ? ಒಂದ್ ಹನಿ ನೀರು ಸೈತ ತಾಕಿಲ್ಲಲ್ಲ!"

"ಅದಕ್ಕ ಅಳಾಕತ್ತೀನಿ," ಎಂದಳು ಸುಂಕಮ್ಮ.