ನರ್ಸಮ್ಮ ಹೇಳದೆ ಬಿಟ್ಟದ್ದು

"ದುರ್ಗಾದೇವಿ, ಖರೇ ಹೇಳು. ಯಾವ ಹುಡುಗನ್ನರ ಮುಟ್ಟೀಯೇನು?"

ಸಿದ್ದಾಪುರದ ಹೈಸ್ಕೂಲಿನ ಶೌಚಾಲಯದೊಳಗೆ ದುರ್ಗಾದೇವಿ ಚಿಲಕ ತೆಗೆಯಹೋದವಳು ಕೈ ಹಿಂದೆಗೆದುಕೊಂಡಳು. ಹೊರಗಿಂದ ಕೇಳಿದ್ದು ನರ್ಸಮ್ಮನ ದನಿ. ಮದುವೆಯ ತನಕ ಹುಡುಗರಿಂದ ದೂರವಿರಿ, ಇಲ್ಲವಾದರೆ ಬಸಿರು ಎಂದಷ್ಟೇ ಹೇಳಿ ಈಗತಾನೆ ಆರೋಗ್ಯದ ಪಾಠ ಮುಗಿಸಿದ್ದರು.

"ಗಂಗಾವತಿ ಬಸ್ಸಿನ್ಯಾಗ ದುರಗೇಶನ ಕೈ ಹಿಡದಿದ್ದೆರಿ. ಬರೇ ಕೈರಿ." ಅವಳಿಗೆ ಅಳು ಬಂತು. "ಅಷ್ಟಕ್ಕ ಬಸರಾಗ್ತಾರೇನ್ರಿ? ನಮ್ಮವ್ವಗ ಹೇಳಬ್ಯಾಡ್ರಿ."

ಹೊರಗೆ ನಗು ಸಿಡಿಯಿತು. ಬಾಗಿಲು ತೆರೆದರೆ ನರ್ಸಮ್ಮನಿಲ್ಲ. ಎಲ್ಲರ ದನಿಯನ್ನೂ ಅಣಕಿಸುವ ಗೆಳತಿ ಮಹೇಶ್ವರಿ ನಿಂತಿದ್ದಳು.

"ಅಷ್ಟ್ ಶಾಣ್ಯಾಕಿ ಇದ್ರ ನೀನ ಹೇಳು," ದುರ್ಗಾದೇವಿ ಕಣ್ಣೊರೆಸಿಕೊಂಡಳು. "ಆಗ್ತಾರೋ, ಇಲ್ಲೋ?"

ಮಹೇಶ್ವರಿಯ ನಗು ನಿಂತಿತು. ಅವಳಿಗೂ ಗೊತ್ತಿರಲಿಲ್ಲ. ಅವಳು ತನ್ನ ಬಲಗೈಯನ್ನು ಮೆಲ್ಲಗೆ ವೇಲಿನಡಿ ಬಚ್ಚಿಟ್ಟುಕೊಂಡಳು.

"ನೀನೂ ಹಿಡದೀಯೇನ?" ಎಂದ ದುರ್ಗಾದೇವಿ, ಅಳು ನಿಲ್ಲುವ ಮುಂಚೆಯೇ ನಗತೊಡಗಿದಳು, ವರಾಂಡಕ್ಕೆಲ್ಲ ಕೇಳುವಷ್ಟು ಜೋರಾಗಿ.