ಅದೃಷ್ಟಕ್ಕೆ ಅಡ್ಡ ನಿಂತವನು

ಎರಡು ಮಹಡಿಗಳ ನಡುವೆ ಲಿಫ್ಟ್ ಒಮ್ಮೆ ಜಗ್ಗಿ ನಿಂತಿತು. ಅವನು ಗಾಬರಿಯಾದವನಂತೆ ಗುಂಡಿಗಳನ್ನು ಒತ್ತಿದ. ಯಾವುದನ್ನು ಒತ್ತಿದರೂ ಕದಲುವುದಿಲ್ಲ ಎಂದು ಗೊತ್ತಿತ್ತು. ನಿಲ್ಲಿಸಲು ಹೇಳಿದವನು ಅವನೇ.

ಅದೃಷ್ಟ ಹಣೆಯಲ್ಲಿ ಬರೆದಿರುವುದಿಲ್ಲ, ದಾರಿಯಲ್ಲಿ ಓಡಾಡುತ್ತಿರುತ್ತದೆ, ನಾವೇ ಹೋಗಿ ಅಡ್ಡ ನಿಲ್ಲಬೇಕು. ಕಂಪನಿ ಕಟ್ಟುತ್ತ ಅವನು ಕಂಡುಕೊಂಡ ಸತ್ಯ ಇದು. ಒಮ್ಮೆ ಔಷಧಿ ಅಂಗಡಿಯ ಸಾಲಿನಲ್ಲಿ ಮುಂದಿದ್ದ ನರ್ಸನ್ನು ಮಾತಾಡಿಸಿದ್ದ. ಡ್ರಿಪ್ ಬಾಟಲಿ ಖಾಲಿಯಾದದ್ದು ಯಾರಿಗೂ ಕಾಣದೆ ರೋಗಿಗಳು ಪಡುವ ಪಾಡನ್ನು ಆಕೆ ಹೇಳಿದ್ದಳು. ಡ್ರಿಪ್ ಮುಗಿಯುವ ಮೊದಲೇ ಕೂಗಿ ಎಚ್ಚರಿಸುವ ಪುಟ್ಟ ಯಂತ್ರ ಹುಟ್ಟಿದ್ದು ಆ ಮಾತಿನಿಂದ. ಅಂದಿನಿಂದ ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಸಿಕ್ಕವರನ್ನೆಲ್ಲ ಮಾತಿಗೆಳೆಯುವುದೇ ಅವನ ರೂಢಿ.

ಇತ್ತೀಚೆಗೆ ಮಾತ್ರ ಅದೃಷ್ಟ ಅವನ ನೆರಳು ಕಂಡರೆ ದಾರಿ ಬದಲಿಸುತ್ತಿತ್ತು. ಆಸ್ಪತ್ರೆಗಳು "ನೋಡೋಣ" ಎನ್ನುತ್ತಿದ್ದವು. ಟೀಚರ್ ಕೆಲಸ ಬಿಟ್ಟು ಬಂದು ಯಂತ್ರಗಳಿಗೆ ತಂತಿ ಬೆಸೆಯುತ್ತಿದ್ದ ಅಕ್ಕನ ಕಣ್ಣುಗಳು ಸೋತಿದ್ದವು.

"ಇನ್ನು ನನ್ನ ಕೈಲಿ ಆಗಲ್ಲ ಕಣೋ. ಶಾಲೆಯವರು ವಾಪಸ್ ಕರೀತಿದಾರೆ," ಎಂದಿದ್ದಳು ಬೆಳಿಗ್ಗೆ, ಭಾವನ ಕೋಟನ್ನು ಅವನ ಹೆಗಲಿಗೇರಿಸುತ್ತ. "ಇವತ್ತೊಂದಿನ ನೋಡು."

ಹೊಸ ಕಂಪನಿಗಳಿಗೆ ಬಂಡವಾಳ ಹಾಕುವ ಸಾಹುಕಾರರೊಬ್ಬರ ಕಚೇರಿ ಈ ಕಟ್ಟಡದ ಮೇಲ್ತುದಿಯಲ್ಲಿತ್ತು. ಭೇಟಿ ಮಾಡಿಸಿ ಎಂದು ಕೇಳಿ ಕೇಳಿ ನಾಲಗೆ ಸವೆದಿತ್ತು. ಅವರ ಮುಖ ಕಂಡವರೇ ಕಡಿಮೆ. ಕೊನೆಗೆ ಲಿಫ್ಟ್ ನೋಡಿಕೊಳ್ಳುವವನ ಕೈ ಬೆಚ್ಚಗೆ ಮಾಡಿದ್ದ. "ನಾನು ಸಲಾಮ್ ಹೊಡೆದರೆ ಅವರೇ ಅಂತ ತಿಳ್ಕೊಳಿ," ಎಂದಿದ್ದ ಆ ಮನುಷ್ಯ. ಹೇಳಿದಂತೆಯೇ ಹೊಡೆದ, ಲಿಫ್ಟ್ ಹತ್ತಿದ ಇಬ್ಬರಿಗೂ ಸೇರಿಸಿ ಒಂದೇ.

ಈಗ ಎದುರಿಗಿದ್ದರು. ನರೆತ ತಲೆ, ಮಡಿಕೆಯ ಗೆರೆ ಮಾಸದ ಹೊಚ್ಚ ಹೊಸ ಅಂಗಿ. ಇಬ್ಬರೂ ಒಟ್ಟಿಗೇ ಗಂಟಲು ಸರಿಮಾಡಿಕೊಂಡರು.

"ಮೊದಲು ನೀವೇ ಹೇಳಿ ಸಾರ್," ಎಂದರು ಆ ಹಿರಿಯರು, ಒಂದು ಹೆಜ್ಜೆ ಹಿಂದೆ ಸರಿದು.

ಎಷ್ಟು ದೊಡ್ಡವರು, ಎಷ್ಟು ವಿನಯ. ತುಂಬಿದ ಕೊಡ ತುಳುಕುವುದಿಲ್ಲ ಎಂದುಕೊಂಡ.

ಹೇಳಿದ. ನರ್ಸಿನ ಮಾತು, ಯಂತ್ರದ ಕೂಗು, ಅಕ್ಕನ ಕಣ್ಣು, ಒಂದನ್ನೂ ಬಿಡಲಿಲ್ಲ. ಇಷ್ಟು ಚೆನ್ನಾಗಿ ಅವನು ಜನ್ಮದಲ್ಲಿ ಮಾತಾಡಿರಲಿಲ್ಲ. ಹಿರಿಯರು ಮಾತು ಮಾತಿಗೂ ತಲೆಯಾಡಿಸಿದರು. "ನೀವು ಬಂಡವಾಳ ಹಾಕಿದ್ರೆ ಉಳ್ಕೋತೀವಿ ಸಾರ್" ಎಂದಾಗ ತಲೆ ಆಡುವುದು ನಿಂತಿತು. ಮುಖ ಬಿಳಿಚಿತು. ಗೋಡೆಗೆ ಬೆನ್ನು ಕೊಟ್ಟು, ಜಾರುತ್ತ ಜಾರುತ್ತ ನೆಲಕ್ಕೆ ಕೂತರು.

ಅವನು ಬಗ್ಗಿ ಅವರ ಮುಖ ನೋಡಿದ. ಎದೆನೋವೇನಾದರೂ ಬಂತೇ? ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದ. "ಸಾಕು ಕಣಯ್ಯಾ, ನಿಲ್ಲಿಸಿದ್ದು ಸಾಕು. ಮೇಲಕ್ಕೆ ಬಿಡು." ಕೆಳಗಿನಿಂದ ಉಸಿರಿಲ್ಲ. ಗುದ್ದಿದ, ಒದ್ದ. ಫೋನಿಗೆ ಸಿಗ್ನಲ್ ಇರಲಿಲ್ಲ. ತಾನೇ ತೋಡಿದ ಹಳ್ಳ. ಹತ್ತಿ ಹೋಗಲು ಮೆಟ್ಟಿಲಿಲ್ಲ.

"ಗಾಳಿ ಬೀಸಲಾ ಸಾರ್?"

"ಬೇಡಪ್ಪ. ನೀನೂ ಕೂತ್ಕೋ."

ಸಾರ್ ಹೋಗಿ ಅಪ್ಪ ಬಂದಿತ್ತು. ಅವನಿಗೆ ಅದು ವಾತ್ಸಲ್ಯದಂತೆ ಕೇಳಿಸಿತು. ಪಕ್ಕದಲ್ಲೇ ಕೂತ. ಕೋಟು ಬೆವರಿಗೆ ಬೆನ್ನಿಗಂಟಿತ್ತು.

"ಅಕ್ಕನಿಗೆ ಏನಂತ ಹೇಳಲಿ ಸಾರ್?"

"ನನ್ನ ಕೈಲೇನಿದೆಯಪ್ಪ."

"ಎಲ್ಲಾ ನಿಮ್ಮ ಕೈಲೇ ಇದೆ."

ಹಿರಿಯರು ನಕ್ಕರೋ ಅತ್ತರೋ ತಿಳಿಯಲಿಲ್ಲ.

ಆಗ ಗೋಡೆಯಾಚೆ ಮೆಟ್ಟಿಲುಗಳ ಮೇಲೆ ಬೂಟಿನ ಸದ್ದು ಕೇಳಿಸಿತು. ಅವಸರವಿಲ್ಲದ ನಡಿಗೆ. "ಲಿಫ್ಟ್ ಕೆಟ್ಟಿದೆ, ಕ್ಷಮಿಸಿ ಸಾಹೇಬರೇ," ಎಂದು ಯಾರೋ ಹಿಂದೆ ಹಿಂದೆ ಬರುತ್ತಿದ್ದರು. ಸದ್ದು ಹತ್ತಿರವಾಯಿತು, ದಾಟಿತು, ಮೇಲೇರಿ ಕರಗಿತು.

ಹಿರಿಯರು ಅದು ಪೂರ್ತಿ ಅಡಗುವವರೆಗೂ ಸೂರು ನೋಡುತ್ತಿದ್ದರು.

"ಈ ಲಿಫ್ಟ್ ನಿಲ್ಲಿಸು ಅಂತ ನಾನೂ ಆ ಲಿಫ್ಟಿನವನಿಗೆ ಹೇಳಿದ್ದೆ ಕಣಪ್ಪ. ಅವನು ಸಲಾಮ್ ಹೊಡೆದಾಗ ನಿನ್ನನ್ನೇ ಸಾಹುಕಾರರು ಅಂದ್ಕೊಂಡೆ."